ಮೊಸರು ಸವರಿದ ಗುಡಿ

2016ರ ಮಾರ್ಚ್ 12, ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಥಾಮ್ ಸೂಕ್ ಯಿನ್ ತನ್ನ ಹಿತ್ತಲಿನಲ್ಲಿ ಮಣೆ ಹಾಕಿಕೊಂಡು ಕುಳಿತು ಅರ್ಧ ಲೀಟರು ಮೊಸರಿಗೆ ಪಾಚಿ ಕಲಸುತ್ತಿದ್ದಳು. ಪಾಚಿಯನ್ನು ಚರಂಡಿಯ ಗೋಡೆಯಿಂದ ಚಮಚದಲ್ಲಿ ಕೆರೆದು ತಂದಿದ್ದಳು. ಎದುರಿಗೆ ಸಿಮೆಂಟಿನ ಪುಟ್ಟ ಗುಡಿಯೊಂದಿತ್ತು. ಮೊಣಕಾಲೆತ್ತರ, ಕೆಂಪು ಗೋಡೆ, ಹಳದಿ ಮಾಡು. ಒಳಗೆ ದಾತುಕ್ ಕುಳಿತಿದ್ದ: ಕರಿಯ ಟೋಪಿ, ಬಿಳಿಯ ಗಡ್ಡ, ತೊಡೆಯ ಮೇಲೆ ಕಿರುಗತ್ತಿ. ನೆಲ ಕಾಯುವ ಅಜ್ಜ. ಪೂಜಾ ಸಾಮಾನಿನ ಅಂಗಡಿಯಿಂದ ಬಂದು ನಾಲ್ಕು ದಿನವಾಗಿತ್ತು, ಅಂಗಡಿಯವನ ಅಂಟುಚೀಟಿ ಇನ್ನೂ ಬೆನ್ನಿಗಿತ್ತು.

ಹೊಸ ಸಿಮೆಂಟಿಗೆ ಪಾಚಿ ಹಿಡಿಯುವುದಿಲ್ಲ, ಅದರ ಕ್ಷಾರ ಹೆಚ್ಚು. ಸೂಕ್ ಯಿನ್ ಮೂರು ದಿನ ಗುಡಿಯನ್ನು ವಿನೆಗರ್‌ನಲ್ಲಿ ತೊಳೆದು, ಪರೀಕ್ಷೆಯ ಕಾಗದ ನೀಲಿಯಿಂದ ಹಸಿರಿಗೆ ತಿರುಗುವವರೆಗೆ ಕಾದಿದ್ದಳು. ರಬ್ಬರ್ ಸಂಶೋಧನಾಲಯದಲ್ಲಿ ಮೂವತ್ತು ವರ್ಷ ರಬ್ಬರ್ ಹಾಲಿನ ಹುಳಿ ಅಳೆದ ಕೈಗೆ ಇದೇನೂ ಕಷ್ಟದ ಕೆಲಸವಾಗಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಕ್ವೆಕ್ ಬೂನ್ ಹುವಾಟ್ ಮೂಗು ಹಿಡಿದುಕೊಂಡ. ಅವನು ತಾಮನ್ ಕೆನಾರಿ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ, ನಿವೃತ್ತನಾಗುವವರೆಗೆ ವಿಮೆ ಮಾರಿದವನು.

“ಡಾಕ್ಟರ್, ಇದು ಯಾವಾಗ ಅರವತ್ತು ವರ್ಷ ಹಳೇದಾಗುತ್ತೆ?”

“ನಾಲ್ಕು ತಿಂಗಳು ಬೇಕು. ನೆರಳಲ್ಲಿಟ್ಟು ದಿನಾ ಒದ್ದೆ ಮಾಡ್ಬೇಕು.”

“ನಾಲ್ಕು ತಿಂಗಳಿಗೆ ಅರವತ್ತು ವರ್ಷ! ನನ್ನ ಹೆಂಡತಿ ಹತ್ರ ಬಾಯಿ ಬಿಡ್ಬೇಡಿ. ಅವಳು ಇದರ ಉಲ್ಟಾ ಕೆಲಸ ಮಾಡೋ ಕ್ರೀಮು ಹುಡುಕ್ತಾ ಇದ್ದಾಳೆ.”

ಸೂಕ್ ಯಿನ್ ನಕ್ಕಳು. ಬ್ರಷ್ಷನ್ನು ಮೊಸರಿಗೆ ಅದ್ದಿ ಗೋಡೆಗೆ ತೆಳ್ಳಗೆ ಸವರಿದಳು. ಮಾಡಿನ ಅಂಚಿಗೆ ಹೆಚ್ಚು, ಮುಂಬದಿಗೆ ಕಡಿಮೆ. ಮಳೆನೀರು ನಿಜವಾಗಿ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿಗೆ.

ಜಗಳವೆಲ್ಲ ಬಡಾವಣೆಯ ಹಿಂದಿನ ಮೈದಾನದ್ದು. ನಗರದ ನಕ್ಷೆಯಲ್ಲಿ ಅದು ಹಸಿರು ಬಣ್ಣದ ಬಯಲು. ಕಳೆದ ವರ್ಷ ಒಬ್ಬ ಬಿಲ್ಡರು ಆ ಹಸಿರನ್ನು ಬದಲಿಸಿ ಕೊಡಿ, ಎಕರೆಗೆ ಅರವತ್ತು ಜನ ಎಂಬ ಮಿತಿಯನ್ನು ನಾನೂರಕ್ಕೆ ಏರಿಸಿ ಕೊಡಿ ಎಂದು ವಿಶೇಷ ಅನುಮತಿ ಕೇಳಿದ್ದ. ನಲವತ್ತೆರಡು ಮಹಡಿಯ ಮೂರು ಗೋಪುರಗಳು. ಜೊತೆಗೆ ಮೈದಾನದ ಮೂಲೆಯಲ್ಲಿ, ಚರಂಡಿಯ ಪಕ್ಕ, ಹದಿನೈದು ಮಹಡಿಯ ಡಿ ಬ್ಲಾಕ್. ಅದು ಮೈದಾನದಾಚೆಯ ತಗಡಿನ ಸಾಲುಮನೆಗಳಲ್ಲಿದ್ದ ತೊಂಬತ್ತೆಂಟು ಕುಟುಂಬಗಳಿಗೆ. ಅವರೆಲ್ಲ ಹಿಂದೆ ಇಲ್ಲಿದ್ದ ರಬ್ಬರ್ ತೋಟದ ಕೂಲಿಗಳು ಮತ್ತು ಅವರ ಮಕ್ಕಳು. ತೋಟ ಕಡಿದು ಬಡಾವಣೆ ಎಬ್ಬಿಸಿದಾಗ, ಪಕ್ಕಾ ಮನೆ ಕೊಡುವವರೆಗೆ ಇರಿ ಎಂದು ಅವರನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸಿ ಕೊನೆಗೆ ತಗಡಿನ ಕೆಳಗೆ ಕೂರಿಸಿದ್ದರು. ಕೂತು ಹತ್ತೊಂಬತ್ತು ವರ್ಷವಾಗಿತ್ತು.

ಸೂಕ್ ಯಿನ್ ಮೊದಲು ಸರಿಯಾದ ದಾರಿಯಲ್ಲೇ ಹೋಗಿದ್ದಳು. ಚರಂಡಿಯ ಅಗಲ, ಇಳಿಜಾರು, ಒಂದು ಗಂಟೆಯ ಮಳೆಗೆ ಹರಿಯುವ ನೀರು ಎಲ್ಲವನ್ನೂ ಲೆಕ್ಕ ಹಾಕಿ ಹದಿನಾಲ್ಕು ಪುಟದ ಆಕ್ಷೇಪಣೆ ಬರೆದುಕೊಟ್ಟಿದ್ದಳು. ಗೋಪುರಗಳು ಬಂದರೆ ಕೆಳಗಿನ ಎರಡು ಬೀದಿಗಳು ಮುಳುಗುತ್ತವೆ ಎಂಬುದು ನಿಜವಾಗಿತ್ತು. ನಗರಸಭೆಯಿಂದ ಒಂದೇ ಸಾಲಿನ ಉತ್ತರ ಬಂತು: ತಲುಪಿದೆ.

“ನಿಮ್ಮ ಚರಂಡಿ ಲೆಕ್ಕಾನ ಯಾರು ಓದ್ತಾರೆ ಡಾಕ್ಟರ್?” ಎಂದಿದ್ದ ಕ್ವೆಕ್. “ಅಜ್ಜನಿಗಾದ್ರೆ ಎಲ್ಲರೂ ಹೆದರ್ತಾರೆ. ಮರ ಕಡಿಯೋರು ದಾತುಕ್ ಗುಡಿ ಕಂಡ್ರೆ ಯಂತ್ರ ಆಫ್ ಮಾಡಿ ಮನೆಗೆ ಹೋಗ್ತಾರೆ. ಬಡಾವಣೆಗಿಂತ ಹಳೇ ಗುಡಿ ಅಂತ ಸಾಬೀತಾದ್ರೆ ನಗರಸಭೆಯೂ ಮುಟ್ಟಲ್ಲ.”

ನಿಜ ಹೇಳಿದಾಗ ಕೇಳದವರಿಗೆ ಸುಳ್ಳು ಹೇಳಿದರೆ ತಪ್ಪೇನು ಎಂದು ಅವಳಿಗೆ ಅನಿಸಿತು. ಅನಿಸಿದ ಮೇಲೆ ಅದನ್ನೊಂದು ಪ್ರಯೋಗವೆಂದು ತಿಳಿದು ಅಚ್ಚುಕಟ್ಟಾಗಿ ಮಾಡಿದಳು. ಕೆಂಪು ಬಣ್ಣವನ್ನು ಬ್ಲೀಚಿನಿಂದ ಮಂಕು ಮಾಡಿದಳು. ಕಬ್ಬಿಣದ ಲವಣದ ನೀರಿನಿಂದ ತುಕ್ಕಿನ ಕಲೆ ಇಳಿಸಿದಳು. ಒಳಮಾಡಿಗೆ ವಾರಗಟ್ಟಲೆ ಸಾಂಬ್ರಾಣಿ ಹೊಗೆ ಕೊಟ್ಟಳು. ಜೂನ್ ಮುಗಿಯುವ ಹೊತ್ತಿಗೆ ಗುಡಿಯ ಮೇಲೆ ಹಸಿರು ತುಪ್ಪಳದಂತೆ ಪಾಚಿ ಬೆಳೆದಿತ್ತು. ಅವಳ ಕಣ್ಣಿಗೇ ಅದು ಹಳೆಯದಾಗಿ ಕಂಡಿತು.

ಆ ತಿಂಗಳ ಸಂಘದ ಸಭೆ ಕ್ವೆಕ್‌ನ ಮನೆಯ ಪೋರ್ಟಿಕೋದಲ್ಲಿ ನಡೆಯಿತು. ಗುಡಿಯ ವಿಷಯ ಗೊತ್ತಿದ್ದವರು ಅವರಿಬ್ಬರೇ, ಉಳಿದವರು ಡಿ ಬ್ಲಾಕಿನ ಮಾತಿನಲ್ಲಿದ್ದರು.

“ನೂರು ಮನೆ ಅಂದ್ರೆ ಇನ್ನೂರು ಮೋಟರ್‌ಬೈಕು.”

“ಒಗೆದ ಬಟ್ಟೆ ಎಲ್ಲಾ ನಮ್ಮ ಕಡೆಗೇ ನೇತು ಹಾಕ್ತಾರೆ, ನೋಡ್ತಿರಿ. ಬೆಳಗ್ಗೆ ಎದ್ರೆ ಯಾರದೋ ಚಡ್ಡಿ ದರ್ಶನ.”

“ನಮ್ಮ ಅಂಜಲೈ ಥರದವರಾದ್ರೆ ಪರವಾಗಿಲ್ಲಪ್ಪ. ಎಲ್ಲರೂ ಹಾಗಿರ್ತಾರಾ?”

“ಹಾಗಾದ್ರೆ ಅಂಜಲೈ ಒಬ್ಬಳಿಗೇ ಹದಿನೈದು ಮಹಡಿ ಕಟ್ಟಿಸಿಬಿಡೋಣ!”

ಎಲ್ಲರೂ ನಕ್ಕರು. ಮೇಜಿನ ಮೇಲಿದ್ದದ್ದು ಅಂಜಲೈ ಮಾಡಿದ ಒತ್ತು ಶಾವಿಗೆ, ತೆಂಗಿನ ತುರಿ, ತಾಳೆಬೆಲ್ಲ. ಸಾಲುಮನೆಯ ಅಂಜಲೈ ದಿನಾ ಬೆಳಗ್ಗೆ ಮೈದಾನ ದಾಟಿ ಬಂದು ಬೀದಿಯ ತಿರುವಿನಲ್ಲಿ ಮೇಜು ಹಾಕಿ ಶಾವಿಗೆ ಮಾರುತ್ತಿದ್ದಳು. ಎಂಟೂವರೆಗೆಲ್ಲ ಖಾಲಿ. ಸೂಕ್ ಯಿನ್ ಆ ಮಾತಿಗೆ ನಗಲಿಲ್ಲ, ಆದರೆ ಇನ್ನೊಂದು ಸುತ್ತು ಶಾವಿಗೆ ಹಾಕಿಕೊಂಡಳು. ಗುಡಿ ಹುಗಿಯಲು ಕ್ವೆಕ್ ಗುರುತು ಮಾಡಿದ್ದ ಮಳೆಮರ ಮೈದಾನದ ಯಾವ ಮೂಲೆಯಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ನಕ್ಷೆ ಓದಲು ಬರುವವಳು ಆ ಸಂಘದಲ್ಲಿ ಅವಳೊಬ್ಬಳೇ. ಮರ ಡಿ ಬ್ಲಾಕಿನ ಮೇಲೇ ಬೀಳುತ್ತಿತ್ತು. ಪೊದೆ ದಟ್ಟವಾಗಿರುವುದು ಅಲ್ಲಿ ಮಾತ್ರ, ಬೇರೆಲ್ಲಿ ಅಡಗಿಸಲಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಗಸ್ಟಿನಲ್ಲಿ ಇಡೀ ದೇಶ ಬ್ಯಾಡ್ಮಿಂಟನ್ ಫೈನಲ್ ನೋಡುತ್ತ ಕುಳಿತಿದ್ದ ಸಂಜೆ ಇಬ್ಬರೂ ಗುಡಿಯನ್ನು ಕ್ವೆಕ್‌ನ ವ್ಯಾನಿನಲ್ಲಿ ಹಳೆಯ ಹಾಸಿಗೆಯಡಿ ಮುಚ್ಚಿ ಒಯ್ದರು. “ಇವತ್ತು ಕಳ್ಳರೂ ಟಿವಿ ಮುಂದೇ ಇರ್ತಾರೆ,” ಎಂದ ಕ್ವೆಕ್. ಮಳೆಮರದ ಬುಡದ ಪೊದೆಯೊಳಗೆ ಅರ್ಧ ಹೂತು, ಬಳ್ಳಿ ಎಳೆದು, ತರಗು ಸುರಿದು ಬಂದರು. ಸೆಪ್ಟೆಂಬರಿನಲ್ಲಿ ಬಡಾವಣೆಯವರೆಲ್ಲ ಸೇರಿ ಶ್ರಮದಾನ ಮಾಡಿ ಮೈದಾನದ ಪೊದೆ ಕಡಿದರು. ಕ್ವೆಕ್‌ನ ಮಚ್ಚು ಸಿಮೆಂಟಿಗೆ ತಾಗಿ ಠಣ್ ಎಂದಿತು. “ಅಯ್ಯೋ, ಇಲ್ಲಿ ನೋಡ್ರಪ್ಪಾ, ದಾತುಕ್!” ಎಂದು ಅವನು ಕೈ ಮುಗಿದದ್ದು ಎಷ್ಟು ಸಹಜವಾಗಿತ್ತೆಂದರೆ ಸೂಕ್ ಯಿನ್‌ಗೂ ಒಂದು ಕ್ಷಣ ಮೈ ಜುಮ್ಮೆಂದಿತು.

ಮೂರು ದಿನ ಬಿಟ್ಟು ಅವಳು ಮೈದಾನದ ಕಡೆ ಹೋದಾಗ ಅಂಜಲೈ ಮಳೆಮರದ ಕೆಳಗೆ ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು. ಕೈಯಲ್ಲಿ ತೆಂಗಿನ ನಾರು.

“ಬನ್ನಿ ಡಾಕ್ಟರಮ್ಮಾ,” ಎಂದಳು ತಿರುಗದೆಯೇ. ಸೂಕ್ ಯಿನ್ ರಬ್ಬರಿನ ಡಾಕ್ಟರು ಎಂದು ಗೊತ್ತಿದ್ದೂ ಅವಳು ಮೊಣಕಾಲು ನೋವಿಗೆ ಔಷಧಿ ಕೇಳುವುದನ್ನು ಬಿಟ್ಟಿರಲಿಲ್ಲ. “ನೋಡಿ, ಪಾಪ, ಅಜ್ಜನ ಮೈ ತುಂಬಾ ಪಾಚಿ. ಎಷ್ಟು ವರ್ಷದಿಂದ ಯಾರೂ ಸ್ನಾನ ಮಾಡಿಸಿಲ್ವೋ ಏನೋ. ಮೂರು ದಿನದಿಂದ ಉಜ್ಜುತಾ ಇದ್ದೀನಿ, ಹೋಗ್ತಾನೇ ಇಲ್ಲ.”

ನಾಲ್ಕು ತಿಂಗಳು ಬೆಳೆಸಿದ ಹಸಿರು ಕಪ್ಪು ನೀರಾಗಿ ಅವಳ ಪಾದದ ಕಡೆಗೆ ಹರಿಯುತ್ತಿತ್ತು.

“ಉಜ್ಜಬೇಡಿ ಅಂಜಲೈ. ಹಳೇದು… ಹಾಗೇ ಇರಲಿ.”

“ಹಳಬರಾದ್ರೆ ಸ್ನಾನ ಬೇಡ್ವಾ? ನಿಮಗೂ ವಯಸ್ಸಾಯ್ತು, ನೀವು ಮಾಡಲ್ವಾ?” ಅಂಜಲೈ ನಕ್ಕಳು. ಆಮೇಲೆ ನಾರನ್ನು ಬಕೆಟ್ಟಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. “ನಮ್ಮಮ್ಮ ಹೇಳೋಳು. ಈ ಮರದ ಹತ್ರ ಆಗ ಮೂರನೇ ಲೈನ್ ಮನೆ ಇತ್ತು. ಹಾಲು ತೆಗೆಯೋಕೆ ರಬ್ಬರ್ ಮರಕ್ಕೆ ಕತ್ತಿ ಹಾಕೋಕೆ ಹೋಗೋ ಮುಂಚೆ ಈ ಪೊದೆಗೆ ಒಂದು ವೀಳ್ಯದೆಲೆ ಇಟ್ಟು ಹೋಗೋಳು. ಇಲ್ಲಿ ಒಬ್ಬ ಮುದುಕ ಇದ್ದಾನೆ, ಇಲ್ಲಿ ಉಚ್ಚೆ ಹೊಯ್ಯಬೇಡ ಅನ್ನೋಳು. ನಾನು ನಗ್ತಿದ್ದೆ, ಎಲ್ಲಮ್ಮಾ ಮುದುಕ, ತೋರಿಸು ಅಂತ. ಸಾಯೋವರೆಗೂ ತೋರಿಸೋಕಾಗ್ಲಿಲ್ಲ ಅವಳಿಗೆ.” ಗುಡಿಯ ಮಾಡನ್ನು ಅವಳು ಮಗುವಿನ ತಲೆಯಂತೆ ಸವರಿದಳು. “ಈಗ ಸಿಕ್ಕಿದಾನೆ. ಅಮ್ಮ ಸುಳ್ಳು ಹೇಳಿರ್ಲಿಲ್ಲ.”

ಸೂಕ್ ಯಿನ್ ನಿಂತೇ ಇದ್ದಳು. ಒಂದು ಮಾತು ಹೇಳಬಹುದಿತ್ತು. ಆ ಮಾತು ಹೇಳಲು ಆ ದಿನ ಇದ್ದಷ್ಟು ಸುಲಭ ಆಮೇಲೆ ಯಾವತ್ತೂ ಇರಲಿಲ್ಲ.

ಅಂಜಲೈ ಎರಡು ವೀಳ್ಯದೆಲೆ, ಒಂದು ಬಾಳೆಹಣ್ಣು, ಸುತ್ತಿದ ಹೊಗೆಸೊಪ್ಪು ಇಟ್ಟು ಊದುಬತ್ತಿ ಹಚ್ಚಿದಳು. ಹತ್ತಿರದವರೊಡನೆ ಮಾತಾಡುವಂತೆ ಗಟ್ಟಿಯಾಗಿಯೇ ಹೇಳಿದಳು: “ಅಜ್ಜಾ, ಚೀಟಿ ಎತ್ತಿದ್ದಾರೆ. ನಮಗೆ ಡಿ ಬ್ಲಾಕಿನಲ್ಲಿ ನಾಲ್ಕನೇ ಮಹಡಿ ಬಂದಿದೆ. ಗಾಳಿ ಬರುತ್ತಂತೆ. ಮಳೆ ಬಂದ್ರೆ ಪಾತ್ರೆ ಇಡೋ ಹಾಗಿರಲ್ವಂತೆ. ಬೇಗ ಕಟ್ಟಿಸಿಕೊಡು. ಅಮ್ಮನಿಗಂತೂ ಆಗ್ಲಿಲ್ಲ, ಮೊಮ್ಮಗಳು ದೊಡ್ಡವಳಾಗೋ ಒಳಗಾದ್ರೂ ಆಗ್ಲಿ.” ಆಮೇಲೆ ಇನ್ನೊಂದು ಊದುಬತ್ತಿಯನ್ನು ಸೂಕ್ ಯಿನ್ ಕಡೆ ಚಾಚಿದಳು. “ನೀವೂ ಹೇಳಿ ಡಾಕ್ಟರಮ್ಮಾ. ನಿಮ್ಮ ಭಾಷೇಲಿ ಹೇಳಿ. ಎರಡು ಭಾಷೇಲಿ ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ ಅವನಿಗೆ.”

ಸೂಕ್ ಯಿನ್ ಊದುಬತ್ತಿ ತೆಗೆದುಕೊಂಡಳು. ಬೆನ್ನಿನ ಅಂಟುಚೀಟಿಯನ್ನು ತಾನೇ ಕಿತ್ತು ಹಾಕಿದ್ದ ಮೂರ್ತಿಯ ಮುಂದೆ ನಿಂತು, ಅದೇ ಮೂರ್ತಿಯನ್ನಿಟ್ಟು ತಾನು ತಡೆಯಹೊರಟಿದ್ದ ಕಟ್ಟಡ ಬೇಗ ಏಳಲಿ ಎಂದು ತುಟಿ ಅಲುಗಿಸಿದಳು. ಬೂದಿ ಕೈಮೇಲೆ ಬಿದ್ದು ಸುಟ್ಟಿತು, ಝಾಡಿಸಲಿಲ್ಲ.

ಅಕ್ಟೋಬರ್ ಇಪ್ಪತ್ತರಂದು ನಗರಸಭೆಯ ಮೂರನೇ ಮಹಡಿಯಲ್ಲಿ ವಿಚಾರಣೆ. ಬಡಾವಣೆಯವರು ಮುಂದಿನ ಸಾಲುಗಳಲ್ಲಿ ಒಂದೇ ಹಳದಿ ಅಂಗಿ ತೊಟ್ಟು ಕುಳಿತಿದ್ದರು. ಸಾಲುಮನೆಯವರು ಯೋಜನೆಯ ಪರವಾಗಿ ಬಂದವರು, ಹಿಂದೆ ಗೋಡೆಗೊರಗಿ ನಿಂತಿದ್ದರು. ವಿಚಾರಣೆಯ ಅಧಿಕಾರಿ ನೊರ್ಹಯಾತಿ ಎಂಬ ನಡುವಯಸ್ಸಿನ ಹೆಂಗಸು. ಯಾರ ಮಾತನ್ನೂ ತುಂಡರಿಸದೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಕ್ವೆಕ್ ಪರದೆಯ ಮೇಲೆ ಗುಡಿಯ ಚಿತ್ರ ತೋರಿಸಿದ. “ಇದು ನಮ್ಮ ಬಡಾವಣೆಗಿಂತ ಹಳೇದು. ಕಡಿಮೆ ಅಂದ್ರೂ ಅರವತ್ತು ವರ್ಷ.”

ಬಿಲ್ಡರ ಪರ ವಕೀಲ ಎದ್ದ. ಎಳೆ ವಯಸ್ಸು, ಮೆತ್ತನೆಯ ದನಿ. “ಸ್ವಾಮಿ, ನೀವು ಈ ಬಡಾವಣೆಗೆ ಬಂದಿದ್ದು ಯಾವಾಗ?”

“ಎಪ್ಪತ್ನಾಲ್ಕರಲ್ಲಿ.”

“ಈ ಗುಡಿ ನೋಡಿದ್ದು?”

“ಹೋದ ತಿಂಗಳು. ಪೊದೆ ಒಳಗಿತ್ತು.”

“ನಲವತ್ತೆರಡು ವರ್ಷ ಪಕ್ಕದಲ್ಲೇ ಇದ್ರಿ, ಕಾಣ್ಲಿಲ್ಲ. ವಿಚಾರಣೆ ಗೊತ್ತಾದ ತಿಂಗಳೇ ಸಿಕ್ತು. ಅಜ್ಜನಿಗೂ ನೋಟಿಸು ಹೋಗಿತ್ತು ಅನ್ಸುತ್ತೆ.”

ಸಭೆಯಲ್ಲಿ ನಗೆ ಎದ್ದಿತು. ಕ್ವೆಕ್‌ನ ಕತ್ತು ಕೆಂಪಾಯಿತು. ಸೂಕ್ ಯಿನ್‌ಗೆ ಒಳಗೊಳಗೇ ಹಗುರವಾಯಿತು. ಇಲ್ಲಿಗೆ ಮುಗಿಯಿತು, ಗುಡಿಯ ಮಾತು ಬಿದ್ದುಹೋಯಿತು, ಇನ್ನು ಯಾರೂ ಏನೂ ಹೇಳಬೇಕಾಗಿಲ್ಲ.

“ಮೇಡಂ, ನಾನು ಮಾತಾಡ್ಬಹುದಾ?”

ಹಿಂದಿನ ಗೋಡೆಯ ಕಡೆಯಿಂದ ಬಂದ ದನಿ ಅಂಜಲೈಯದು. ಒಳ್ಳೆಯ ಸೀರೆ ಉಟ್ಟು ಹೂ ಮುಡಿದು ಬಂದಿದ್ದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಾಯಿಯ ವೀಳ್ಯದೆಲೆ, ಮೂರನೇ ಲೈನ್ ಮನೆ, ಪೊದೆಯ ಮುದುಕ, ಎಲ್ಲವನ್ನೂ ಹೇಳಿದಳು. ಉಚ್ಚೆಯ ಮಾತನ್ನೂ ಬಿಡಲಿಲ್ಲ. ಅಧಿಕಾರಿಯೂ ನಕ್ಕರು.

ವಕೀಲ ಈ ಸಲ ಎಚ್ಚರದಿಂದ ಕೇಳಿದ. “ಅಮ್ಮಾ, ನೀವು ನಮ್ಮ ಪರವಾಗಿ ಬಂದವರು. ನಿಮಗೆ ಬಂದಿರೋ ಫ್ಲಾಟು ಏಳೋದು ಆ ಮರದ ಜಾಗದಲ್ಲೇ. ಗೊತ್ತಲ್ವಾ?”

“ಗೊತ್ತು.”

“ಹಾಗಿದ್ದೂ ಗುಡಿ ಹಳೇದು ಅಂತೀರಾ?”

“ಹಳೇದನ್ನ ಹಳೇದು ಅನ್ನದೆ ಏನನ್ನಲಿ? ಅಷ್ಟು ದೊಡ್ಡ ಮೈದಾನ ಇದೆಯಲ್ಲ ಸಾರ್, ಫ್ಲಾಟನ್ನ ಸ್ವಲ್ಪ ಆಚೆ ಸರಿಸಿ. ಅಜ್ಜನ್ನ ಎಬ್ಬಿಸಬೇಡಿ. ನಮ್ಮನ್ನ ಮೂರು ಸಲ ಎಬ್ಬಿಸಿದ್ರಿ, ಅಷ್ಟು ಸಾಲದಾ?”

ಚಪ್ಪಾಳೆ ಬಿತ್ತು. ಜೋರಾಗಿ ತಟ್ಟಿದವರು ಹಳದಿ ಅಂಗಿಯವರು. ಚಡ್ಡಿ ದರ್ಶನದ ಮಾತಾಡಿದವನು ಎದ್ದು ನಿಂತೇ ತಟ್ಟುತ್ತಿದ್ದ. ಹಿಂದೆ ನಿಂತಿದ್ದ ಸಾಲುಮನೆಯವರಲ್ಲಿ ಕೆಲವರು ತಟ್ಟಿದರು, ಕೆಲವರು ಅಂಜಲೈಯ ಮುಖವನ್ನೇ ನೋಡುತ್ತಿದ್ದರು.

ನೊರ್ಹಯಾತಿ ಪೆನ್ನು ಕೆಳಗಿಟ್ಟರು. “ಗುಡಿಯ ವಿಷಯವಾಗಿ ಇನ್ನು ಯಾರಾದರೂ ಹೇಳೋದಿದ್ಯಾ?”

ಸೂಕ್ ಯಿನ್ ಎದ್ದಳು. ಏಳಬೇಕೆಂದು ತೀರ್ಮಾನಿಸಿ ಎದ್ದದ್ದಲ್ಲ, ಕಾಲು ತಾನಾಗಿ ಎದ್ದಿತ್ತು. ಮೈಕು ಕೈಗೆ ಬಂತು. ಕ್ವೆಕ್ ತಲೆ ಎತ್ತಿ ನೋಡಿದ, ಅವನ ಮುಖದಲ್ಲಿ ಭಯವಿತ್ತು. ಹಿಂದಿನಿಂದ ಅಂಜಲೈ ಹುರಿದುಂಬಿಸುವವಳಂತೆ ತಲೆಯಾಡಿಸಿದಳು, ಹೇಳಿ ಹೇಳಿ ಎಂಬಂತೆ. ಆ ಗುಡಿಯನ್ನು ನಾನು ಮೊಸರು ಸವರಿ ಬೆಳೆಸಿದೆ: ಇಷ್ಟೇ ವಾಕ್ಯ. ಅದನ್ನು ಹೇಳಿದರೆ ಮೂವತ್ತು ವರ್ಷ ಯಾರೂ ಬೆರಳು ತೋರಿಸದ ಹೆಸರು ಈ ಕೋಣೆಯಲ್ಲೇ ಮುಗಿಯುತ್ತದೆ. ಹಳದಿ ಅಂಗಿಯ ಅರವತ್ತು ಜನ ಹಿಂತಿರುಗಿ ನೋಡುತ್ತಾರೆ.

“ಚರಂಡಿ ಬಗ್ಗೆ ಒಂದು ಮಾತು,” ಎಂದಳು.

ಹೇಳಿದಳು. ಚರಂಡಿಯ ಅಗಲ ಹೇಳಿದಳು, ಇಳಿಜಾರು ಹೇಳಿದಳು. ಒಂದು ಅಂಕಿಯೂ ತಪ್ಪಲಿಲ್ಲ. ಹೇಳುತ್ತ ಹೇಳುತ್ತ, ತನ್ನ ಬಾಯಿಂದ ಬರುತ್ತಿದ್ದ ಒಂದೊಂದು ನಿಜವೂ ಸುಳ್ಳಿನ ಮೇಲೆ ಹಾಕುತ್ತಿದ್ದ ಮಣ್ಣಿನಂತೆ ಅವಳಿಗೆ ಕೇಳಿಸಿತು. ಅಧಿಕಾರಿ ಶ್ರದ್ಧೆಯಿಂದ ಬರೆದುಕೊಂಡರು.

ಹೊರಗೆ ಲಿಫ್ಟಿನ ಹತ್ತಿರ ಅಂಜಲೈ ಅವಳ ಕೈ ಹಿಡಿದುಕೊಂಡಳು. “ಎಷ್ಟು ಚೆನ್ನಾಗಿ ಮಾತಾಡಿದ್ರಿ! ನನಗೇನೂ ಅರ್ಥ ಆಗ್ಲಿಲ್ಲ. ನಾನು ಸರಿಯಾಗಿ ಹೇಳಿದ್ನಾ?”

“ಸರಿಯಾಗಿ ಹೇಳಿದ್ರಿ,” ಎಂದಳು ಸೂಕ್ ಯಿನ್. ಕೈ ಬಿಡಿಸಿಕೊಂಡು ಲಿಫ್ಟಿನ ಗುಂಡಿ ಒತ್ತಿದಳು.

ತೀರ್ಪು ಬಂದದ್ದು ಜನವರಿಯ ಕೊನೆಯಲ್ಲಿ, ಚೀನೀ ಹೊಸವರ್ಷದ ಕೆಂಪು ಲಾಂದ್ರಗಳು ಬೀದಿಯಲ್ಲಿ ತೂಗುತ್ತಿದ್ದಾಗ. ಮೂರು ಗೋಪುರಗಳಿಗೆ ತಲಾ ಎರಡು ಮಹಡಿ ಕಡಿಮೆ ಮಾಡಿ ಅನುಮತಿ. ಹಸಿರು ಬಯಲಿನ ಬಣ್ಣ ಬದಲಾವಣೆಗೂ ಅನುಮತಿ. ಪುರಾತನ ಪೂಜಾಸ್ಥಳದ ರಕ್ಷಣೆಗಾಗಿ ಡಿ ಬ್ಲಾಕ್ ರದ್ದು. ಸಾಲುಮನೆಯ ಕುಟುಂಬಗಳಿಗೆ ಅದೇ ಬಿಲ್ಡರ ಬೇರೊಂದು ಯೋಜನೆಯಲ್ಲಿ ಜಾಗ. ಬಿಲ್ಡರು ಒಂದು ಮಾತೂ ಎತ್ತಲಿಲ್ಲ. ಆ ಮೂಲೆಯಲ್ಲಿ ಈಗ ಗುಡಿಯ ಸುತ್ತ ತೋಟ ಮಾಡಿಸುತ್ತಾನಂತೆ, ಗೋಪುರದವರು ವಾಕಿಂಗ್ ಮಾಡಲು.

ಕ್ವೆಕ್ ಕಿತ್ತಳೆಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದ. “ಅರ್ಧ ಗೆದ್ವಿ ಡಾಕ್ಟರ್. ಗೋಂಗ್ ಸಿ, ಹೊಸವರ್ಷದ ಶುಭಾಶಯ!”

“ಚರಂಡಿ ಮುಳುಗೋದು ಗೋಪುರಗಳಿಂದ. ಗೋಪುರ ಬರ್ತಾ ಇದೆ. ಏನು ಗೆದ್ವಿ?”

“ಡಿ ಬ್ಲಾಕ್ ಹೋಯ್ತಲ್ಲ.”

“ನಾವು ಡಿ ಬ್ಲಾಕ್ ಬೇಡ ಅಂತ ಎಲ್ಲೂ ಬರೆದಿರ್ಲಿಲ್ಲ.”

ಕ್ವೆಕ್ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಅವಳನ್ನು ನೋಡಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಬರೆದಿರ್ಲಿಲ್ಲ. ಆದ್ರೆ ನಮ್ಮ ಬೀದೀಲಿ ಜನ ಬೇಡ ಅಂದಿದ್ದು ಯಾವುದನ್ನ, ನಿಜ ಹೇಳಿ? ನಾನು ಮರ ತೋರಿಸಿದಾಗ ನಿಮಗೆ ಗೊತ್ತಿರ್ಲಿಲ್ವಾ ಅಲ್ಲಿ ಏನು ಬರುತ್ತೆ ಅಂತ?”

ಅವನು ಹೋದ ಮೇಲೆ ಕಿತ್ತಳೆಹಣ್ಣುಗಳನ್ನು ಬುಟ್ಟಿಯಿಂದ ತೆಗೆದು ತಟ್ಟೆಯಲ್ಲಿ ಜೋಡಿಸಿದಳು, ಮತ್ತೆ ಬುಟ್ಟಿಗೆ ಹಾಕಿದಳು.

ಅಂಜಲೈ ಎರಡು ವಾರ ಮೇಜು ಹಾಕಲಿಲ್ಲ. ಸಾಲುಮನೆಯಲ್ಲಿ ಅವಳ ಜೊತೆ ಕೆಲವರು ಮಾತು ಬಿಟ್ಟಿದ್ದಾರೆ, ಬಾಗಿಲಿಗೆ ಯಾರೋ ಸಗಣಿ ಎರಚಿದರು ಎಂಬ ಸುದ್ದಿ ಬಡಾವಣೆಗೂ ಬಂತು. ಬಡಾವಣೆಯವರು ಪಾಪ ಅಂದರು, ಶಾವಿಗೆ ಸಿಗುತ್ತಿಲ್ಲವಲ್ಲ ಎಂದೂ ಅಂದರು. ಮೂರನೇ ವಾರ ಅವಳು ಬಂದಳು. ಸೂಕ್ ಯಿನ್ ತಟ್ಟೆ ಹಿಡಿದು ಹೋದಾಗ ಶಾವಿಗೆಗೆ ತೆಂಗಿನ ತುರಿ ಉದುರಿಸುತ್ತ ಕೇಳಿದಳು: “ಡಾಕ್ಟರಮ್ಮಾ, ನಿಮ್ಮ ಕಾರಲ್ಲಿ ಒಂದ್ಸಲ ಕರ್ಕೊಂಡು ಹೋಗ್ತೀರಾ? ನಮಗೆ ಕೊಡ್ತಾರಂತಲ್ಲ, ಆ ಜಾಗ ನೋಡ್ಬೇಕು. ಬಸ್ಸು ಯಾವುದು ಹೋಗುತ್ತೋ ಯಾರಿಗೂ ಗೊತ್ತಿಲ್ಲ.”

ಭಾನುವಾರ ಹೊರಟರು. ಸಾಲುಮನೆಯ ಮುಂದೆ ಅವಳನ್ನು ಹತ್ತಿಸಿಕೊಂಡು, ರೂಢಿಯಂತೆ ಸೂಕ್ ಯಿನ್ ದೂರದ ಮೀಟರನ್ನು ಸೊನ್ನೆಗೆ ತಂದಳು. ಹೆದ್ದಾರಿಯ ಟೋಲು, ಕಾರ್ಖಾನೆಗಳು, ಮತ್ತೊಂದು ಟೋಲು, ಎಣ್ಣೆತಾಳೆಯ ತೋಟಗಳು. ಅಂಜಲೈ ಮೊದಮೊದಲು ಮಾತಾಡುತ್ತಿದ್ದಳು: ಮೊಮ್ಮಗಳ ಶಾಲೆ, ಗಂಡನ ವಾರಕ್ಕೆ ಮೂರು ದಿನದ ಡಯಾಲಿಸಿಸ್, ಅದು ಬಡಾವಣೆಯ ಆಚೆ ಬೀದಿಯಲ್ಲೇ ಇರುವುದರಿಂದ ಅವನು ನಡೆದೇ ಹೋಗಿ ಬರುವುದು. ತೋಟಗಳು ಶುರುವಾದ ಮೇಲೆ ಸುಮ್ಮನಾದಳು.

ಜಾಗದಲ್ಲಿ ಕಟ್ಟಡವಿರಲಿಲ್ಲ. ಕೆಂಪು ಮಣ್ಣನ್ನು ಬಗೆದ ಗುಡ್ಡ, ಒಂದು ಫಲಕ, ಕಟ್ಟಿಹಾಕಿದ ನಾಯಿ. ಇಬ್ಬರೂ ಇಳಿದು ನಿಂತರು. ಅಂಜಲೈ ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು.

“ಅಂಜಲೈ,” ಎಂದಳು ಸೂಕ್ ಯಿನ್. “ಆ ಗುಡಿ ಹಳೇದಲ್ಲ. ಅಂಗಡಿಯಿಂದ ತಂದಿದ್ದು. ಕ್ವೆಕ್ ತಂದ್ರು, ಹಳೇದು ಕಾಣೋ ಹಾಗೆ ಮಾಡಿದ್ದು ನಾನು. ನನ್ನ ಹಿತ್ತಲಲ್ಲಿ. ಪಾಚಿ ನಾನು ಬೆಳೆಸಿದ್ದು, ಮೊಸರು ಹಚ್ಚಿ.”

ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು.

“ಮೊಸರಾ?”

“ಹೌದು.”

“ನಾನು ಒಂದು ವಾರ ಉಜ್ಜಿದ್ದೆ.” ಅಂಜಲೈ ತನ್ನ ಬೆರಳುಗಳನ್ನು ನೋಡಿಕೊಂಡಳು. “ಅಷ್ಟು ಜನರ ಮುಂದೆ ನಿಂತು ಹೇಳಿದ್ನಲ್ಲಾ ಅಮ್ಮಾ. ನೀವು ಮುಂದೆ ಕೂತು ಕೇಳ್ತಾ ಇದ್ರಿ. ಆಮೇಲೆ ಕೈಗೆ ಮೈಕು ಕೊಟ್ರೂ ಚರಂಡಿ ಅಂದ್ರಿ.”

“ಹೌದು.”

“ನನ್ನ ಬಾಯಿಂದಾನೇ ನನ್ನ ಮನೆ ಬೇಡ ಅನ್ನಿಸಿದ್ರಿ.”

ಸೂಕ್ ಯಿನ್ ತಲೆ ತಗ್ಗಿಸಿದಳು. ಅವಳ ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. “ನಾಳೆ ನಗರಸಭೆಗೆ ಹೋಗಿ ಎಲ್ಲಾ ಹೇಳ್ತೀನಿ. ನನ್ನ ಹೆಸರು ಹಾಕಿ ಹೇಳ್ತೀನಿ.”

“ಹೇಳಿ. ಹೇಳಿದ್ರೆ ಡಿ ಬ್ಲಾಕ್ ವಾಪಸ್ ಬರುತ್ತಾ?”

“ಗೊತ್ತಿಲ್ಲ. ಬರಲ್ಲ ಅನ್ಸುತ್ತೆ. ಬಿಲ್ಡರಿಗೆ ಅದು ಮೊದಲೇ ಬೇಡವಾಗಿತ್ತು.”

“ಅಜ್ಜನ್ನ ಒಡೀತಾರೆ, ಅಷ್ಟೇ.”

ಸೂಕ್ ಯಿನ್ ಮೆಲ್ಲಗೆ, “ನಿಮ್ಮಮ್ಮ ಹೇಳಿದ್ದು ಮಾತ್ರ ಸುಳ್ಳಿರಲಾರದು,” ಎಂದಳು.

ಅಂಜಲೈ ಅವಳ ಕಡೆ ತಿರುಗಿದಳು. ಅಲ್ಲಿಯವರೆಗೆ ಇಲ್ಲದ ಸಿಟ್ಟು ಆಗ ಅವಳ ಮುಖದಲ್ಲಿ ಕಂಡಿತು. “ಅದು ನಿಮಗೆ ಹೇಗೆ ಗೊತ್ತು?”

ಅಂಜಲೈ ಸೆರಗು ಹೊದ್ದು, ಹಿಂದಿನ ಬಾಗಿಲು ತೆಗೆದು, ಬಂದಾಗ ಕುಳಿತಿದ್ದ ಮುಂದಿನ ಸೀಟು ಬಿಟ್ಟು ಹಿಂದೆ ಕುಳಿತಳು. ಸೂಕ್ ಯಿನ್ ಸ್ಟಿಯರಿಂಗ್ ಮುಂದೆ ಕುಳಿತು ಕೀಲಿ ತಿರುಗಿಸಿದಳು. ಮೀಟರಿನ ಅಂಕಿಗಳು ಬೆಳಗಿದವು.

“ನಮ್ಮ ಮನೆಯಿಂದ ಇಲ್ಲಿಗೆ ಎಷ್ಟು ದೂರ ಆಯ್ತು?” ಹಿಂದಿನಿಂದ ಅಂಜಲೈ ಕೇಳಿದಳು. “ಸರಿಯಾಗಿ ನೋಡಿ ಹೇಳಿ. ಸಾಲುಮನೆಯವರಿಗೆ ನಾನೇ ಹೇಳ್ಬೇಕಲ್ಲ.”

ಸೂಕ್ ಯಿನ್ ನೋಡಿ ಹೇಳಿದಳು. ಮೂವತ್ತೊಂದು ಕಿಲೋಮೀಟರ್ ನಾನೂರು ಮೀಟರ್.